ಎರಡು ಮೇಜುಗಳ ನಡುವೆ ಹಿಟ್ಟಿನಕ್ಕ

ಹಿಟ್ಟಿನಕ್ಕ ಮೂವತ್ತೊಂದು ವರ್ಷ ನಮ್ಮ ಕ್ರೈಸ್ತ ಸಭೆಗೆ ಕರ್ತನ ಭೋಜನದ ರೊಟ್ಟಿ ಮಾಡಿಕೊಟ್ಟಳು. ಅಷ್ಟು ವರ್ಷದಲ್ಲಿ ಅದರ ಒಂದು ಚೂರೂ ಅವಳ ಬಾಯಿಗೆ ಹೋಗಿರಲಿಲ್ಲ. ಇದು ನಮಗೆ ಗೊತ್ತಾದದ್ದು ಎರಡು ತಿಂಗಳ ಹಿಂದೆ, ಒಂದು ಭಾನುವಾರ ಬೆಳಿಗ್ಗೆ. ಗೊತ್ತಾದಾಗ ನನ್ನ ಕೈಯಲ್ಲಿದ್ದ ಹಾಡಿನ ಪುಸ್ತಕ ಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳಲಿಕ್ಕೂ ತೋಚಲಿಲ್ಲ. ತಿಂಗಳು ತಿಂಗಳೂ ಆ ರೊಟ್ಟಿಯ ಡಬ್ಬವನ್ನು ಅವಳ ಕೈಯಿಂದ ಇಸಿದುಕೊಂಡು, ಅವಳ ಮುಖದೆದುರಿಗೇ ಬಾಗಿಲು ಹಾಕಿಕೊಂಡವಳು ನಾನೇ.

ಅವಳ ನಿಜವಾದ ಹೆಸರು ಸಭೆಯ ಪಟ್ಟಿಯಲ್ಲಿ ಮಾತ್ರ ಇದೆ. ಬೀದಿಗೆಲ್ಲ ಅವಳು ಹಿಟ್ಟಿನಕ್ಕ. ಎಷ್ಟು ತೊಳೆದುಕೊಂಡರೂ ಮೊಣಕೈ ಮಡಿಕೆಯಲ್ಲಿ, ಹುಬ್ಬಿನ ಕೂದಲಲ್ಲಿ ಒಂದಿಷ್ಟು ಹಿಟ್ಟು ಉಳಿದೇ ಇರುತ್ತದೆ. ನನಗಿಂತ ಮೂರು ವರ್ಷಕ್ಕೆ ಚಿಕ್ಕವಳು, ಈಗ ಎಪ್ಪತ್ತೊಂದು. ಅವಳು ನನ್ನನ್ನು ಅಕ್ಕ ಎನ್ನುತ್ತಾಳೆ, ನಾನು ಅವಳನ್ನು ಅಕ್ಕ ಎನ್ನುತ್ತೇನೆ. ನಮ್ಮಿಬ್ಬರಲ್ಲಿ ತಂಗಿ ಯಾರೂ ಇಲ್ಲ.

ನಮ್ಮದು ಏರು ಬೀದಿ. ಮೇಲ್ತುದಿಯಲ್ಲಿ ನಾವು ದೇವಾಲಯ ಎನ್ನುವ ಚರ್ಚು, ಕೆಳತುದಿಯಲ್ಲಿ ಒಂದು ಹಳೆಯ ಗೋದಾಮು, ನಡುವೆ ನಲವತ್ತೆರಡು ಕಲ್ಲು ಮೆಟ್ಟಿಲು. ಇಪ್ಪತ್ತೊಂದನೇ ಮೆಟ್ಟಿಲಿನ ಪಕ್ಕದಲ್ಲಿ ಅವಳ ಗಂಡನ ಬೇಕರಿ. ಮುಂದೆ ಎರಡು ಕಪಾಟು ಹಿಡಿಯುವಷ್ಟು ಅಂಗಡಿ, ಹಿಂದೆ ಇಟ್ಟಿಗೆ ಒಲೆಯ ಕೋಣೆ, ಮೇಲೆ ಅಟ್ಟದಲ್ಲಿ ಮಲಗುವ ಜಾಗ. ಇಪ್ಪತ್ತನಾಲ್ಕನೇ ವಯಸ್ಸಿಗೆ ಮದುವೆಯಾಗಿ ಬಂದಳು. ಗಂಡ ಹಿಟ್ಟು ನಾದುವುದು, ಇವಳು ತೂಗಿ ಉಂಡೆ ಕಟ್ಟುವುದು. ಅವನಿಗೆ ಮಾತು ಹೆಚ್ಚು, ಇವಳಿಗೆ ಕಡಿಮೆ. "ನನ್ನ ಹೆಂಡತಿ ಒಲೆ ಇದ್ದ ಹಾಗೆ. ಒಳಗೆ ಎಷ್ಟು ಕಾದಿದ್ರೂ ಹೊರಗಿನವರಿಗೆ ಗೊತ್ತಾಗಲ್ಲ" ಎಂದು ಗಿರಾಕಿಗಳ ಮುಂದೆ ನಗುತ್ತಿದ್ದ. ಮಕ್ಕಳಾಗಲಿಲ್ಲ. ಮದುವೆಯಾದ ಹದಿನಾಲ್ಕನೇ ವರ್ಷ ಅವನು ಎದೆ ಹಿಡಿದುಕೊಂಡು ಹಿಟ್ಟಿನ ತೊಟ್ಟಿಯ ಪಕ್ಕದಲ್ಲಿ ಕೂತ, ಮತ್ತೆ ಏಳಲಿಲ್ಲ. ನಾದಿಟ್ಟ ಹಿಟ್ಟನ್ನು ಏನು ಮಾಡೋಣ ಎಂದು ಯಾರೋ ಕೇಳಿದರು. "ಅವರು ನಾದಿದ್ದು, ಬೇಯಿಸಬೇಕು" ಎಂದು ಕಣ್ಣೊರೆಸಿಕೊಂಡು ಎದ್ದಳು. ಮಣ್ಣು ಮಾಡಿ ಬಂದವರೆಲ್ಲ ಅದನ್ನೇ ತಿಂದೆವು.

ಆಗ ಸಭೆ ಒಂದೇ ಇತ್ತು. ಅದು ಎರಡಾದದ್ದು ಅವಳು ವಿಧವೆಯಾದ ಎರಡು ವರ್ಷಕ್ಕೆ. ಒಂದು ಚಳಿಗಾಲ ಕೆಮ್ಮಿನ ಕಾಯಿಲೆ ಬಂತು. ಕರ್ತನ ಭೋಜನ ಎಂದರೆ ಆರಾಧನೆಯಲ್ಲಿ ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ ತೆಗೆದುಕೊಳ್ಳುವುದು. ಅದರಲ್ಲಿ ಎಲ್ಲರೂ ಒಂದೇ ಬೆಳ್ಳಿ ಬಟ್ಟಲಿಗೆ ಬಾಯಿ ಹಚ್ಚಿ ದ್ರಾಕ್ಷಾರಸ ಕುಡಿಯುವುದು ನಮ್ಮ ಪದ್ಧತಿ. ಸಭೆಯ ಹಿರಿಯರಲ್ಲಿ ಒಬ್ಬರು, ಮರದ ಅಡ್ಡೆಯವರು, ಒಬ್ಬೊಬ್ಬರಿಗೆ ಒಂದೊಂದು ಚಿಕ್ಕ ಗಾಜಿನ ಬಟ್ಟಲು ತರಿಸೋಣ ಎಂದರು. ಇನ್ನೊಬ್ಬ ಹಿರಿಯರು, ಗಡಿಯಾರ ರಿಪೇರಿಯವರು, ಒಂದೇ ಬಟ್ಟಲು ಎಂದರೆ ಒಂದೇ ಬಟ್ಟಲು ಎಂದರು.

"ನಿಮ್ಮ ಅಂಗಡಿ ಗಡಿಯಾರಗಳ ಹಾಗೆ ನಿಮ್ಮ ತಲೇನೂ ನಿಂತು ಹೋಗಿದೆ."

"ನಿಮ್ಮ ತಲೇನ ಕೊಯ್ಯೋಕೆ ನಿಮ್ಮ ಅಡ್ಡೆ ಗರಗಸಾನೂ ಸಾಲದು."

ಮಾತು ಇಲ್ಲಿಂದ ಶುರುವಾಗಿ ಎಲ್ಲಿಗೋ ಹೋಯಿತು. ಎರಡು ವಾರದಲ್ಲಿ ಅರ್ಧ ಸಭೆ ಹಾರ್ಮೋನಿಯಂ ಮತ್ತು ಹನ್ನೊಂದು ಬೆಂಚು ಹೊತ್ತುಕೊಂಡು ಕೆಳಗಿನ ಗೋದಾಮಿಗೆ ಇಳಿಯಿತು. ಮೇಲುಳಿದ ನಾವು ದೊಡ್ಡ ಬಟ್ಟಲಿನವರು, ಇಳಿದವರು ಚಿಕ್ಕ ಬಟ್ಟಲಿನವರು. ಕೆಮ್ಮು ಎರಡೇ ತಿಂಗಳಲ್ಲಿ ಹೋಯಿತು. ಸಭೆಗಳು ಹಾಗೇ ಉಳಿದವು. ನನ್ನ ನಾದಿನಿ ಕೆಳಗೆ ಹೋದಳು. ಅವಳು ಸಾಯುವವರೆಗೆ ಇಪ್ಪತ್ತು ವರ್ಷ ನಾವಿಬ್ಬರೂ ಎದುರಾದರೆ ತರಕಾರಿ ಬೆಲೆ ಬಿಟ್ಟು ಬೇರೇನೂ ಮಾತಾಡಲಿಲ್ಲ.

ಬಟ್ಟಲಿಗೆ ಅಷ್ಟು ಹೊಡೆದಾಡಿದವರಲ್ಲಿ ಒಬ್ಬರೂ ರೊಟ್ಟಿಯ ಮಾತು ಎತ್ತಲಿಲ್ಲ. ಬೀದಿಯಲ್ಲಿ ಇದ್ದದ್ದು ಒಂದೇ ಒಲೆ. ತಿಂಗಳ ಮೊದಲ ಭಾನುವಾರ ಎರಡು ಕಡೆಯೂ ಕರ್ತನ ಭೋಜನ. ಹಿಂದಿನ ಸಂಜೆ ಹಿಟ್ಟಿನಕ್ಕ ಹಿಟ್ಟು ನಾದಿ, ನಡುವೆ ಕೊಯ್ದು, ಎರಡು ದುಂಡನೆಯ ರೊಟ್ಟಿ ಮಾಡಿ, ಬೆಳಿಗ್ಗೆ ಬೇಯಿಸುತ್ತಿದ್ದಳು. ಎಂಟೂಮುಕ್ಕಾಲಿಗೆ ಮೇಲೆ ಬಂದು ನಮ್ಮ ಹಿಂಬಾಗಿಲು ತಟ್ಟುವಳು. ಭೋಜನದ ಮೇಜಿನ ಬಟ್ಟೆ ಒಗೆದು ಇಸ್ತ್ರಿ ಮಾಡಿ ಹಾಸುವ ಕೆಲಸ ನನ್ನದು, ಆದ್ದರಿಂದ ಡಬ್ಬ ತೆಗೆದುಕೊಳ್ಳುತ್ತಿದ್ದವಳೂ ನಾನು. ಒಂಬತ್ತಕ್ಕೆ ಕೆಳಗಿನ ಗೋದಾಮಿಗೆ ಇನ್ನೊಂದು ಡಬ್ಬ. ಒಂಬತ್ತೂಕಾಲಿಗೆ ಎರಡು ಕಡೆಯೂ ಗಂಟೆ.

ನಮ್ಮ ಬಾಗಿಲಿನಿಂದ ಅವಳು ಮೆಟ್ಟಿಲಿಳಿದು ಹೋಗುವುದನ್ನು ನಾವು ನೋಡುತ್ತಿದ್ದೆವು. ಗಂಡನ ಕಡೆಯವರೆಲ್ಲ ಅಲ್ಲೇ ಇದ್ದಾರೆ, ಭೋಜನ ಅಲ್ಲೇ ತೆಗೆದುಕೊಳ್ಳುತ್ತಾಳೆ ಎಂದುಕೊಂಡೆವು. ಕೆಳಗಿನವರು ಅವಳು ಮೆಟ್ಟಿಲು ಹತ್ತುವುದನ್ನು ನೋಡುತ್ತಿದ್ದರು. ತವರಿನ ಕಡೆಯವರೆಲ್ಲ ಮೇಲಿದ್ದಾರೆ, ಅಲ್ಲಿಗೇ ಹೋಗುತ್ತಾಳೆ ಎಂದುಕೊಂಡರು. ಉಳಿದ ಭಾನುವಾರಗಳಲ್ಲಿ ಅವಳು ಒಂದು ವಾರ ನಮ್ಮ ಕಡೆಯ ಬೆಂಚಿನಲ್ಲಿ, ಒಂದು ವಾರ ಅವರ ಕಡೆಯ ಬೆಂಚಿನಲ್ಲಿ ಕೂತು ಹಾಡಿ ಹೋಗುತ್ತಿದ್ದಳು. ಎರಡು ದೋಣಿಯಲ್ಲಿ ಕಾಲಿಟ್ಟಿದ್ದಾಳೆ ಎಂದು ನಾನೂ ಒಂದೆರಡು ಸಲ ಆಡಿಕೊಂಡಿದ್ದೇನೆ. ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಆಡಿಕೊಂಡದ್ದು ನಿಜ.

ಈ ವರ್ಷ ಗೋದಾಮಿನ ಮಾಡು ನೋಡಲು ಇಂಜಿನಿಯರ್ ಬಂದ. ತೊಲೆಗಳನ್ನೆಲ್ಲ ಗೆದ್ದಲು ತಿಂದಿದೆ, ಇದರ ಕೆಳಗೆ ಇನ್ನೊಂದು ದಿನವೂ ಜನ ಕೂರುವಂತಿಲ್ಲ ಎಂದು ಬೀಗ ಹಾಕಿಸಿದ. ಚಿಕ್ಕ ಬಟ್ಟಲಿನವರು ಬೀದಿಯಲ್ಲಿ ನಿಂತರು. ಅವರ ಅಯ್ಯನವರು, ಅಂದರೆ ಪಾದ್ರಿಗಳು, ವಯಸ್ಸಾದವರು, ಮೆಟ್ಟಿಲು ಹತ್ತಿ ಬಂದು ನಮ್ಮ ಅಯ್ಯನವರ ಮನೆಯ ಬಾಗಿಲು ತಟ್ಟಿದರು. ನಮ್ಮ ಅಯ್ಯನವರು ಹುಡುಗರು, ಬಂದು ಎರಡು ವರ್ಷ. ಮಾಡು ರಿಪೇರಿಯಾಗುವವರೆಗೆ ಎರಡೂ ಸಭೆ ನಮ್ಮಲ್ಲೇ ಕೂಡುವುದೆಂದು ಇಬ್ಬರೂ ಗೊತ್ತುಮಾಡಿದರು. ಹಾಡು, ಪ್ರಾರ್ಥನೆ, ಅಯ್ಯನವರ ಪ್ರಸಂಗ ಎಲ್ಲ ಒಟ್ಟಿಗೆ. ಭೋಜನಕ್ಕೆ ಮಾತ್ರ ಎರಡು ಮೇಜು: ಬಲಗಡೆ ನಮ್ಮದು, ಎಡಗಡೆ ಅವರದು. ಅವರವರು ಅವರವರ ಮೇಜಿಗೆ ಹೋಗತಕ್ಕದ್ದು.

ಅವರ ಮೇಜಿನ ಉಸ್ತುವಾರಿ ದಾದಿಯದು. ಆಸ್ಪತ್ರೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಿಯಾದವಳು, ಬಾಯಿ ಸುಮ್ಮನಿರದ ಹೆಂಗಸು. ಮೊದಲ ಭಾನುವಾರ ಹಿಂದಿನ ಕೋಣೆಯಲ್ಲಿ ಇಬ್ಬರೂ ಮೇಜಿನ ಬಟ್ಟೆಗಳ ಮಡಿಕೆ ಬಿಚ್ಚುತ್ತಿದ್ದೆವು.

"ಇಷ್ಟು ಗಂಜಿ ಹಾಕ್ತೀರಾ ಬಟ್ಟೆಗೆ? ಮೇಜಿಲ್ಲದೆ ತಾನೇ ನಿಂತ್ಕೊಳ್ಳತ್ತಲ್ರೀ ಇದು" ಎಂದಳು.

"ನಿಮ್ಮದು ಜ್ವರ ಬಂದವರ ಹಾಗೆ ಮಲಗಿಬಿಟ್ಟಿದೆ. ನೀವು ದಾದಿ, ನೋಡ್ಕೊಳ್ಳಿ" ಎಂದೆ.

ಅವಳು ನಕ್ಕಳು. ಚಿಕ್ಕ ಬಟ್ಟಲಿನವರ ಜೊತೆ ನಾನು ನಕ್ಕದ್ದು ಅವತ್ತೇ ಮೊದಲು. "ನೋಡಿ ಅಕ್ಕ, ದೊಡ್ಡ ಬಟ್ಟಲಿಗೆ ಚಿಕ್ಕ ಅಯ್ಯನವರು, ಚಿಕ್ಕ ಬಟ್ಟಲಿಗೆ ದೊಡ್ಡ ಅಯ್ಯನವರು. ದೇವರಿಗೂ ತಮಾಷೆ ಬೇಕು" ಎಂದಳು.

ಅಷ್ಟರಲ್ಲಿ ಹಿಟ್ಟಿನಕ್ಕ ಎರಡೂ ಡಬ್ಬ ತಂದಳು. ಎರಡನ್ನೂ ಒಂದೇ ಹಲಗೆಯ ಮೇಲಿಟ್ಟು ಒಂದು ಕ್ಷಣ ನೋಡಿದಳು. ಆಮೇಲೆ ತಿರುಗಿ ಹೊರಟಳು.

"ಎಲ್ಲಿಗೆ ಹೊರಟೆ? ಇವತ್ತು ಕೆಳಗೇನಿದೆ?" ಎಂದೆ.

"ಒಲೆ ಹಾಗೇ ಬಿಟ್ಟು ಬಂದಿದೀನಿ ಅಕ್ಕ."

"ಒಲೆಗೇನು ಕಾಲಿದ್ಯಾ ಓಡಿ ಹೋಗೋಕೆ?" ಎಂದು ದಾದಿ ಅವಳ ತೋಳು ಹಿಡಿದುಕೊಂಡಳು. ಇಬ್ಬರೂ ಸೇರಿ ಅವಳನ್ನು ಒಳಗೆ ಕರೆದುಕೊಂಡು ಹೋಗಿ ಕೊನೆಯ ಬೆಂಚಿನಲ್ಲಿ ಕೂರಿಸಿದೆವು. ಅವಳ ಬಲಗಡೆ ನಾನು, ಎಡಗಡೆ ದಾದಿ.

ಭೋಜನದ ಹೊತ್ತಾಯಿತು. ಒಂದೊಂದೇ ಸಾಲು ಎದ್ದು, ನಡುವಿನ ದಾರಿಯಲ್ಲಿ ಹೋಗಿ, ಮುಂದೆ ಎರಡಾಗಿ ಒಡೆದು, ಕೆಲವರು ಬಲಕ್ಕೆ, ಕೆಲವರು ಎಡಕ್ಕೆ ಮಂಡಿಯೂರಿದರು. ನಾನು ಹೋಗಿ ತೆಗೆದುಕೊಂಡು ಬಂದೆ. ದಾದಿ ಹೋಗಿ ಬಂದಳು. ಹಿಟ್ಟಿನಕ್ಕ ಕೂತೇ ಇದ್ದಳು. ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ಮೇಜುಗಳ ಕಡೆಗೆ ನೋಡುತ್ತಿದ್ದಳು.

ದಾದಿ ಅವಳ ಬೆನ್ನ ಹಿಂದಿನಿಂದ ನನ್ನ ಕಡೆ ಬಗ್ಗಿ ಪಿಸುಗುಟ್ಟಿದಳು. "ಎಬ್ಬಿಸ್ರೀ. ನಿಮ್ಮ ಕಡೆ ಮುಗಿದುಹೋಗತ್ತೆ."

"ನಮ್ಮ ಕಡೆಯಾ? ಅವಳು ನಿಮ್ಮಲ್ಲಿ ತಗೊಳ್ಳೋದು" ಎಂದೆ.

"ನಮ್ಮಲ್ಲಿ ಯಾವತ್ತು ತಗೊಂಡಿದ್ದಾರೆ? ನಿಮ್ಮವರಲ್ವಾ ಇವರು!"

"ಇಲ್ಲಮ್ಮ, ನಿಮ್ಮವಳು."

ಇಬ್ಬರೂ ಬಾಯಿ ತೆರೆದುಕೊಂಡು ಒಬ್ಬರನ್ನೊಬ್ಬರು ನೋಡಿದೆವು. ಹಾಡಿನ ಪುಸ್ತಕ ಬಿದ್ದದ್ದು ಆಗ. ಹಿಟ್ಟಿನಕ್ಕ ನಮ್ಮ ಕಡೆ ತಿರುಗಲೂ ಇಲ್ಲ. ಬಗ್ಗಿ ಪುಸ್ತಕ ಎತ್ತಿ, ಧೂಳು ಒರೆಸಿ, ನನ್ನ ಮಡಿಲಲ್ಲಿಟ್ಟಳು.

ಆರಾಧನೆ ಮುಗಿದ ಮೇಲೆ ಹಿಂದಿನ ಕೋಣೆಗೆ ಇಬ್ಬರೂ ಅಯ್ಯನವರನ್ನು ಕರೆದೆವು. ಭೋಜನಕ್ಕೆ ಬಂದವರ ಹೆಸರಿನ ಮುಂದೆ ಗುರುತು ಹಾಕುವ ಪುಸ್ತಕ ಎರಡು ಸಭೆಯಲ್ಲೂ ಇದೆ. ನಮ್ಮ ಅಯ್ಯನವರು ನಮ್ಮದನ್ನು ತೆಗೆದರು. ಅವಳ ಹೆಸರಿನ ಮುಂದೆ ಒಂದೂ ಗುರುತಿಲ್ಲ. ಅಂಚಿನಲ್ಲಿ ಗಡಿಯಾರದವರ ಕೈಬರಹದಲ್ಲಿ "ಕೆಳಗೆ" ಎಂದಿತ್ತು. ಪುಸ್ತಕ ತುಂಬಿ ಹೊಸದು ತೆರೆದಾಗಲೆಲ್ಲ ಬರೆದವರು ಅದನ್ನೇ ನೋಡಿ ಇಳಿಸಿಕೊಂಡಿದ್ದರು. ಅವರ ಅಯ್ಯನವರು ತಮ್ಮದನ್ನು ತೆಗೆದರು. ಅಲ್ಲೂ ಒಂದೂ ಗುರುತಿಲ್ಲ. ಮರದ ಅಡ್ಡೆಯವರು "ಮೇಲೆ" ಎಂದು ಬರೆದಿದ್ದರು. ಆ ಮುದುಕ ಅಯ್ಯನವರು ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡು ಮತ್ತೆ ಓದಿದರು. ಮತ್ತೆ ತೆಗೆದರು.

ಮುನ್ನೂರ ಎಪ್ಪತ್ತೆರಡು ತಿಂಗಳು. ನಾನು ಮನೆಗೆ ಹೋಗಿ ಗೋಡೆಗೆ ಸೀಮೆಸುಣ್ಣದಲ್ಲಿ ಬರೆದು ಲೆಕ್ಕ ಹಾಕಿದೆ. ಎರಡು ಸಲ ಹಾಕಿದೆ. ಅಷ್ಟೇ ಬಂತು.

ಅದು ಆಮೇಲಿನ ಮಾತು. ಕೋಣೆಯಲ್ಲಿ ನಮ್ಮ ಅಯ್ಯನವರು ಅವಳ ಮುಂದೆ ಸ್ಟೂಲು ಎಳೆದುಕೊಂಡು ಕೂತರು. "ಅಮ್ಮಾ, ಏನಿದು? ಯಾರು ಬೇಡ ಅಂದ್ರು ನಿಮಗೆ?"

ಅವಳು ಸೆರಗಿನ ಅಂಚು ನೇವರಿಸುತ್ತ ಹೇಳಿದಳು. ಸಭೆ ಒಡೆದ ವಾರದಲ್ಲೇ ಒಂದು ಬೆಳಿಗ್ಗೆ ಗಡಿಯಾರದವರು ಬೇಕರಿಗೆ ಬಂದರಂತೆ. ಕೆಳಗಿನವರಿಗೆ ರೊಟ್ಟಿ ಮಾಡಿಕೊಟ್ಟರೆ ನಮ್ಮ ಮೇಜಿಗೆ ನೀನು ಬರಬೇಡ, ಯಾವ ಕಡೆ ಎಂದು ಆರಿಸಿಕೋ ಎಂದರಂತೆ. ಅದೇ ಸಂಜೆ ಮರದ ಅಡ್ಡೆಯವರು ಬಂದರು. ಮೇಲಿನವರಿಗೆ ರೊಟ್ಟಿ ಕೊಡುವಷ್ಟು ದಿನ ನಮ್ಮ ಮೇಜಿಗೆ ಬರಬೇಡ, ಆರಿಸಿಕೋ ಎಂದರು.

"ನೀವೇನಂದ್ರಿ?"

"ನೋಡ್ತೀನಿ ಅಂದೆ. ಇಬ್ಬರಿಗೂ ಅದನ್ನೇ ಅಂದೆ."

"ಆಮೇಲೆ?"

"ನೋಡ್ತಾನೇ ಇದ್ದೆ ಅಯ್ಯನವರೇ."

ಅಂಥ ಹೊತ್ತಿನಲ್ಲೂ ದಾದಿಗೆ ನಗು ಬಂದು ಬಾಯಿಗೆ ಕೈ ಅಡ್ಡ ಹಿಡಿದಳು. ಮರುಕ್ಷಣ ಅದೇ ಕೈಯಿಂದ ಕಣ್ಣು ಮುಚ್ಚಿಕೊಂಡಳು.

"ಒಂದು ಕಡೆ ಆರಿಸಿದ್ರೆ ಇನ್ನೊಂದು ಕಡೆಗೆ ರೊಟ್ಟಿ ನಿಂತುಹೋಗ್ತಿತ್ತು" ಎಂದಳು ಹಿಟ್ಟಿನಕ್ಕ. "ಒಲೆ ನಂದು ಒಂದೇ. ಎರಡು ಕಡೆಯವರೂ ಒಂದೇ ಹಿಟ್ಟು ತಿಂತಿದ್ದಾರಲ್ಲ, ಅದೊಂದು ಉಳೀಲಿ ಅನ್ನಿಸ್ತು. ಇವತ್ತಲ್ಲ ನಾಳೆ ಸೇರ್ತಾರೆ, ಆಗ ಎಲ್ಲರ ಜೊತೆ ತಿಂದ್ರಾಯ್ತು ಅಂದ್ಕೊಂಡೆ. ಮೊದಲು ಒಂದು ತಿಂಗಳು ಅಂದ್ಕೊಂಡಿದ್ದೆ."

"ಹಿರಿಯರಿಬ್ಬರೂ ಹೋಗಿ ಎಷ್ಟು ವರ್ಷವಾಯ್ತು! ಆಮೇಲಾದ್ರೂ ನಮಗೆ ಹೇಳಬಾರದಿತ್ತಾ?" ಎಂದು ನಾನು ಜೋರಾಗಿಯೇ ಕೇಳಿಬಿಟ್ಟೆ.

"ಹೇಳಿದ್ರೆ ಏನಾಗ್ತಿತ್ತು ಅಕ್ಕ? ನಮ್ಮ ಕಡೆ ಬಾ ಅಂತ ನೀವು ಕರೀತಿದ್ರಿ. ನಮ್ಮ ಕಡೆ ಬಾ ಅಂತ ಅವರು ಕರೀತಿದ್ರು."

ಅವಳು ಹೇಳಿದ್ದು ಅಕ್ಷರಕ್ಕೆ ಅಕ್ಷರ ಸರಿ.

ಸುದ್ದಿ ಸಂಜೆಯೊಳಗೆ ನಲವತ್ತೆರಡು ಮೆಟ್ಟಿಲೂ ಹತ್ತಿ ಇಳಿಯಿತು. ಜನ ತಮ್ಮ ತಮ್ಮ ಬಾಗಿಲಲ್ಲಿ ನಿಂತು ಬೇಕರಿಯ ಕಡೆ ನೋಡುತ್ತಿದ್ದರು, ಒಳಗೆ ಹೋಗುವ ಧೈರ್ಯ ಯಾರಿಗೂ ಬರಲಿಲ್ಲ. ಮಾರನೆಯ ದಿನ ಬ್ರೆಡ್ಡು ಕೊಳ್ಳಲು ಹೋದವರು ಚಿಲ್ಲರೆ ಕೇಳುವುದನ್ನೂ ಮರೆತು ಬಂದರು. ಚಿಕ್ಕ ಬಟ್ಟಲಿನ ಒಬ್ಬ ಗಂಡಸು, ಪ್ರತಿದಿನ ಅವಳೊಂದಿಗೆ ಬ್ರೆಡ್ಡು ಸುಟ್ಟಿದೆ, ಸುಟ್ಟಿಲ್ಲ ಎಂದು ತಗಾದೆ ತೆಗೆಯುವವನು, ಅವತ್ತು ಕರ್ರಗಾದ ಬ್ರೆಡ್ಡನ್ನು ಎರಡು ಕೈಯಲ್ಲಿ ಇಸಿದುಕೊಂಡು ಹೋದನಂತೆ.

ಶುಕ್ರವಾರ ಎರಡು ಸಭೆಯ ಹಿರಿಯರೂ ಕೂಡಿದರು. ನಾನೂ ದಾದಿಯೂ ಸಾಕ್ಷಿಗೆಂದು ಹೋಗಿದ್ದೆವು. ಎಲ್ಲರ ಮುಖವೂ ಬಾಡಿತ್ತು. ಇನ್ನು ಇವರಿಗೆ ಬುದ್ಧಿ ಬಂತು ಎಂದು ನಾನು ನಂಬಿದೆ.

"ತಪ್ಪು ನಮ್ಮದು" ಎಂದರು ನಮ್ಮ ಕಡೆಯವರು. "ಅವರು ದೀಕ್ಷಾಸ್ನಾನ ತಗೊಂಡದ್ದು ಈ ದೇವಾಲಯದಲ್ಲೇ. ಮೊದಲು ನಮ್ಮ ಮೇಜಿನಲ್ಲೇ ಕೊಟ್ಟು ಕ್ಷಮೆ ಕೇಳ್ತೀವಿ."

"ಹೆಚ್ಚಿನ ತಪ್ಪು ನಮ್ಮದು. ನಮ್ಮ ಕಡೆ ಸೊಸೆ ಅವರು. ಮೊದಲು ನಮ್ಮ ಮೇಜಿನಲ್ಲಿ ಕೊಡಬೇಕು" ಎಂದರು ಅವರ ಕಡೆಯವರು.

"ಅದು ಹೇಗಾಗತ್ತೆ? ಬಾಗಿಲು ಹಾಕಿದ್ದು ನಾವು ಮೊದಲು. ನಿಮ್ಮ ಹಿರಿಯರು ಬಂದಿದ್ದು ಸಂಜೆ."

"ಸಂಜೆ ಬಂದ್ರೇನು, ಮಾತು ನಮ್ಮದೇ ಖಾರ!"

ತಪ್ಪು ಮಾಡಿದ್ದರಲ್ಲೂ ಯಾರು ಮುಂದು ಎಂದು ಇವರು ಜಗಳವಾಡುತ್ತಿದ್ದಾರೆ! ನಾನು ದಾದಿಯ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಗಡಿಯಾರದವರ ಮಗ ನಮ್ಮ ಕಡೆಯ ಹಿರಿಯನಾಗಿ ಕೂತಿದ್ದ. ಅಂಗಡಿಯನ್ನೂ ಅವನೇ ನಡೆಸುತ್ತಾನೆ. "ನಮ್ಮಪ್ಪ ಹಾಕಿದ ಕಟ್ಟಳೆ ಇವತ್ತಿಗೂ ಕಟ್ಟಳೆ. ಅವರು ನಮ್ಮ ಮೇಜಿಗೆ ಬರೋದಾದ್ರೆ ಕೆಳಗಿನವರಿಗೆ ರೊಟ್ಟಿ ನಿಲ್ಲಬೇಕು" ಎಂದ. ಆಗಂತೂ ಕೋಣೆ ಹೊತ್ತಿಕೊಂಡಿತು.

ಕೊನೆಗೆ ಅವಳನ್ನೇ ಕೇಳೋಣ ಎಂದು ಇಬ್ಬರು ಅಯ್ಯನವರೂ ಬೇಕರಿಗೆ ಹೋದರು, ಹಿಂದೆ ನಾವಿಬ್ಬರು. ಅವಳು ಒಲೆಯ ಕೋಣೆಯಲ್ಲಿ ಬ್ರೆಡ್ಡಿನ ಅಚ್ಚುಗಳಿಗೆ ಎಣ್ಣೆ ಸವರುತ್ತಿದ್ದಳು. ನಮ್ಮ ಅಯ್ಯನವರು ಬಹಳ ಮೆತ್ತಗೆ, "ಅಮ್ಮಾ, ಯಾವ ಮೇಜು ಮೊದಲು ಅಂತ ನೀವೇ ಹೇಳಿಬಿಡಿ. ನೀವು ಹೇಳಿದ ಹಾಗೇ ಆಗಲಿ" ಎಂದರು.

ಎಣ್ಣೆಯ ಬಟ್ಟೆ ಅವಳ ಕೈಯಲ್ಲೇ ನಿಂತಿತು. ಅಷ್ಟು ವರ್ಷದಲ್ಲಿ ಅವಳು ಬೆಚ್ಚಿದ್ದನ್ನು ನಾನು ನೋಡಿದ್ದು ಅವತ್ತೊಂದೇ ಸಲ.

"ಅವರಿಬ್ಬರೂ ಇಲ್ಲೇ ನಿಂತು ಇದನ್ನೇ ಕೇಳಿದ್ದು" ಎಂದಳು.

ನಮ್ಮ ಅಯ್ಯನವರು ಒಂದು ಹೆಜ್ಜೆ ಹಿಂದೆ ಸರಿದರು. ಅವರ ತಲೆ ಕಟ್ಟಿಗೆಯ ಅಟ್ಟಣಿಗೆಗೆ ಬಡಿಯಿತು. ನೋವಾಯಿತೇ ಎಂದು ಯಾರೂ ಕೇಳಲಿಲ್ಲ.

"ಒಂದು ಕಡೆ ತಿನ್ನೋದಾಗಿದ್ರೆ ಆಗಲೇ ತಿಂತಿದ್ದೆ" ಎಂದಳು ಹಿಟ್ಟಿನಕ್ಕ. "ನನಗೆ ಎಪ್ಪತ್ತೊಂದು ಆಯ್ತು. ಮಣಿಕಟ್ಟು ಮೊದಲಿನ ಹಾಗಿಲ್ಲ, ಇನ್ನೆಷ್ಟು ದಿನ ನಾದ್ತೀನೋ. ಎಲ್ಲರ ಜೊತೆ ಒಂದು ಸಲ ತಿನ್ನಬೇಕು ಅಂತ ಆಸೆ ಇದೆ. ಆದ್ರೆ ತಿಂತೀನಿ. ಆಗದಿದ್ರೆ ಹಾಗೇ ಹೋಗ್ತೀನಿ. ಆರಿಸು ಅಂತ ಮಾತ್ರ ಇನ್ನೊಂದ್ಸಲ ಈ ಬಾಗಿಲಿಗೆ ಬರಬೇಡಿ." ಇಷ್ಟು ಉದ್ದ ಮಾತು ಅವಳ ಬಾಯಲ್ಲಿ ನಾನು ಕೇಳಿರಲಿಲ್ಲ. ಹೇಳಿ ಮುಗಿಸಿ ಮತ್ತೆ ಅಚ್ಚಿಗೆ ಎಣ್ಣೆ ಸವರಿದಳು.

ಮೂರು ವಾರ ಯಾರೂ ಏನೂ ತೀರ್ಮಾನಿಸಲಿಲ್ಲ. ಹೋದ ತಿಂಗಳ ಮೊದಲ ಭಾನುವಾರ ಬಂತು. ಬಲಕ್ಕೆ ಒಂದು ಮೇಜು, ಎಡಕ್ಕೆ ಒಂದು ಮೇಜು ಹಾಸಿ ನಾನೂ ದಾದಿಯೂ ಹಿಂದಿನ ಕೋಣೆಯಲ್ಲಿ ಕಾಯುತ್ತಿದ್ದೆವು. ಇಬ್ಬರು ಅಯ್ಯನವರೂ ನಿಲುವಂಗಿ ತೊಡುತ್ತಿದ್ದರು. ಎಂಟೂಮುಕ್ಕಾಲಿಗೆ ಸರಿಯಾಗಿ ಹಿಟ್ಟಿನಕ್ಕ ಬಂದಳು. ಕೈಯಲ್ಲಿ ಡಬ್ಬವಿರಲಿಲ್ಲ. ಮೊರದಷ್ಟು ಅಗಲದ ತಟ್ಟೆಯನ್ನು ಬಟ್ಟೆ ಮುಚ್ಚಿ ಎದೆಗೊತ್ತಿ ಹಿಡಿದಿದ್ದಳು. ಬಟ್ಟೆ ತೆಗೆದೆ. ಅಷ್ಟು ದೊಡ್ಡ ರೊಟ್ಟಿಯನ್ನು ನಾನು ಜನ್ಮದಲ್ಲಿ ನೋಡಿಲ್ಲ.

"ಇನ್ನೊಂದು ಎಲ್ಲಿ?" ಎಂದಳು ದಾದಿ.

"ಇನ್ನೊಂದಿಲ್ಲ. ಯಾವಾಗಲೂ ಒಂದೇ ಹಿಟ್ಟು, ನಡುವೆ ಕೊಯ್ತಿದ್ದೆ. ನಿನ್ನೆ ಕೊಯ್ಯಲಿಲ್ಲ."

"ಅಯ್ಯೋ ಹಿಟ್ಟಿನಕ್ಕ, ಏನು ಮಾಡಿಬಿಟ್ಟೆ! ಎರಡು ಮೇಜಿಗೆ ಹೇಗೆ ಇಡೋದು?" ಎಂದೆ.

"ಅದು ನನಗೆ ಗೊತ್ತಿಲ್ಲ ಅಕ್ಕ. ಮಾಡೋದಷ್ಟೇ ನನ್ನ ಕೆಲಸ."

ಅಯ್ಯನವರಿಬ್ಬರೂ ರೊಟ್ಟಿಯ ಎರಡು ಬದಿ ನಿಂತು ಬೆವತರು. ಚಾಕು ತರಿಸಿ ಎರಡು ಮಾಡಬಹುದಿತ್ತು. ಚಾಕು ಹಲಗೆಯ ಮೇಲೇ ಇತ್ತು, ನಾನೂ ನೋಡಿದೆ, ಅವರೂ ನೋಡಿದರು. ಯಾರ ಕೈಯೂ ಅದರ ಕಡೆ ಹೋಗಲಿಲ್ಲ. ಹೊರಗೆ ಒಂಬತ್ತೂಕಾಲಿನ ಗಂಟೆ ಬಾರಿಸಿತು. ಮುದುಕ ಅಯ್ಯನವರು ದಾದಿಯ ಕಡೆ ತಿರುಗಿ, "ಏನಮ್ಮ, ನೀವಿಬ್ಬರೂ ಇನ್ನೂ ಇಲ್ಲೇ ನಿಂತಿದ್ದೀರಲ್ಲ? ಹೋಗಿ ಮೇಜು ಸೇರಿಸಿ" ಎಂದರು.

ಸಭೆಯೆಲ್ಲ ನೋಡುತ್ತಿದ್ದ ಹಾಗೆ ಇಬ್ಬರು ಮುದುಕಿಯರು ಮೇಜು ಎಳೆದೆವು. ಕಾಲು ನೆಲಕ್ಕೆ ಉಜ್ಜಿ ಕಿವಿ ಕಿವುಡಾಗುವ ಸದ್ದು. ನಡುವೆ ತಂದು ಕೂಡಿಸಿ ನೋಡಿದರೆ ಅವರದು ನಮ್ಮದಕ್ಕಿಂತ ನಾಲ್ಕು ಬೆರಳು ತಗ್ಗು! ಗಡಿಯಾರದವರ ಮಗ ಎದ್ದು, "ನೋಡಿದ್ರಾ, ಮೇಜಿಗೇ ಸೇರೋಕೆ ಇಷ್ಟವಿಲ್ಲ" ಎಂದು ಹೆಂಡತಿ ಮಕ್ಕಳನ್ನು ಎಬ್ಬಿಸಿಕೊಂಡು ಹೊರಟ. ಅವನ ಹಿಂದೆ ಇನ್ನೆರಡು ಮನೆಯವರು ಹೋದರು, ಎಲ್ಲ ಸೇರಿ ಹದಿಮೂರು ಜನ. ಬಾಗಿಲಿನವರೆಗೂ ಅವರ ಚಪ್ಪಲಿಯ ಸದ್ದನ್ನು ಎ‌ಲ್ಲರೂ ಕೇಳಿದೆವು. ಆಮೇಲೆ ಆ ಕರ್ರಗಾದ ಬ್ರೆಡ್ಡಿನ ಗಂಡಸು ಅಂಗಳಕ್ಕೆ ಹೋಗಿ ನಾಲ್ಕು ಇಟ್ಟಿಗೆ ತಂದು, ಮಾತಾಡದೆ ತಗ್ಗಿನ ಮೇಜಿನ ಕಾಲುಗಳಿಗೆ ಕೊಟ್ಟ. ನನ್ನ ಗಂಜಿಯ ಬಟ್ಟೆಯನ್ನು ಎರಡರ ಮೇಲೂ ಅಡ್ಡ ಹಾಸಿದೆವು. ಬೆಳ್ಳಿ ಬಟ್ಟಲೂ ಇಟ್ಟೆವು, ಚಿಕ್ಕ ಬಟ್ಟಲುಗಳ ತಟ್ಟೆಯೂ ಇಟ್ಟೆವು. ಬೇಕಾದವರು ಬೇಕಾದ್ದರಲ್ಲಿ ಕುಡಿಯಲಿ. ರೊಟ್ಟಿ ನಡುವೆ.

ಪ್ರಾರ್ಥನೆಯಾಯಿತು. ಹಿಟ್ಟಿನಕ್ಕನನ್ನು ನಾವಿಬ್ಬರೂ ಎರಡು ಕಡೆ ಹಿಡಿದು ಮುಂದೆ ಕರೆತಂದೆವು. ಅವಳು ಮಂಡಿಯೂರಿ, ಒಂದು ಕೈಯ ಮೇಲೆ ಇನ್ನೊಂದು ಕೈ ಇಟ್ಟು ಚಾಚಿದಳು. ನಮ್ಮ ಅಯ್ಯನವರು ರೊಟ್ಟಿ ಮುರಿದರು. ಮುರಿದವರು ಅವರ ಅಯ್ಯನವರ ಕಡೆ ನೋಡಿದರು.

"ನೀವು ಕೊಡಿ. ನೀವು ಹಿರಿಯರು."

"ಇಲ್ಲ, ನೀವೇ ಕೊಡಿ. ದೇವಾಲಯ ನಿಮ್ಮದು."

"ಹಾಗಲ್ಲ, ತಾವು..."

"ಯಾರಾದ್ರೂ ಬೇಗ ಕೊಡಿ ಅಯ್ಯನವರೇ, ಮಂಡಿ ನೋಯ್ತಿದೆ" ಎಂದಳು ಹಿಟ್ಟಿನಕ್ಕ.

ಆ ತುಂಡನ್ನು ಇಬ್ಬರೂ ಒಟ್ಟಿಗೇ ಹಿಡಿದು ಅವಳ ಅಂಗೈಯಲ್ಲಿಟ್ಟರು. ಅವಳು ಕಣ್ಣು ಮುಚ್ಚಿ ಬಾಯಲ್ಲಿಟ್ಟುಕೊಂಡಳು. ದೇವಾಲಯದಲ್ಲಿ ಒಬ್ಬರೂ ಕೆಮ್ಮಲಿಲ್ಲ. ಅವಳು ಮೆಲ್ಲಗೆ ಅಗಿದಳು. ಅಗಿಯುವುದು ನಿಂತಿತು. ಕಣ್ಣು ಬಿಟ್ಟಳು, ಹುಬ್ಬು ಗಂಟಾಯಿತು.

"ಇದೇನಿದು, ಉಪ್ಪೇ ಇಲ್ಲ!"

ಬಾಯಲ್ಲಿದ್ದದ್ದನ್ನು ಇನ್ನೊಂದು ಸಲ ಅಗಿದು ನೋಡಿದಳು.

"ಯಾವಾಗಲೂ ಹೀಗೇ ಇತ್ತಾ?" ಎಂದು ನನ್ನನ್ನು ಕೇಳಿದಳು.

"ಯಾವಾಗಲೂ ಹೀಗೇ" ಎಂದೆ.

"ಮೂವತ್ತೊಂದು ವರ್ಷ! ಎರಡು ಸಭೆಯಲ್ಲಿ ಒಬ್ಬರಾದ್ರೂ ಬಾಯಿ ಬಿಡಬಾರದಿತ್ತಾ?"

"ಅದು ಹಾಗೇ ಇರಬೇಕೇನೋ ಅಂತ ತಿಳ್ಕೊಂಡಿದ್ವಿ ಹಿಟ್ಟಿನಕ್ಕ" ಎಂದಳು ದಾದಿ.

ಉಪ್ಪು ಹಾಕುತ್ತಿದ್ದವನು ಅವಳ ಗಂಡ, ಕೈಯಂದಾಜಿನಲ್ಲಿ. ಅವನು ಹೋದ ಮೇಲೆ ಇವಳು ನಾಲಿಗೆಗೆ ತಾಗಿಸಿ ನೋಡಿ ಹಾಕುತ್ತಿದ್ದಳು. ಅಂಗಡಿಯ ಬ್ರೆಡ್ಡನ್ನು ದಿನವೂ ರುಚಿ ನೋಡುವವಳು. ಆರಿಸು ಎಂದ ದಿನದಿಂದ ಈ ಹಿಟ್ಟನ್ನು ಮಾತ್ರ ನಾಲಿಗೆಗೆ ತಾಗಿಸಿರಲಿಲ್ಲ, ತೋಚಿದಷ್ಟು ಚಿಟಿಕೆ ಉಪ್ಪು ಹಾಕಿಬಿಡುತ್ತಿದ್ದಳು. ಅವಳು ಅಲ್ಲೇ ಮಂಡಿಯೂರಿಕೊಂಡು ಕೆನ್ನೆಗೆ ಕೈ ಕೊಟ್ಟಳು. ಯಾರೋ ಒಬ್ಬರು ನಕ್ಕರು. ಆಮೇಲೆ ದೇವಾಲಯವೆಲ್ಲ ನಕ್ಕಿತು, ನಗುತ್ತಲೇ ಅತ್ತಿತು. ಅವಳು ಮಾತ್ರ ನಗದೆ ಪೂರ್ತಿ ಅಗಿದು ನುಂಗಿದಳು. ಬಟ್ಟಲಿನ ಸರದಿ ಬಂದಾಗ ಮೊದಲು ಬೆಳ್ಳಿ ಬಟ್ಟಲಿಗೆ ಬಾಯಿ ಹಚ್ಚಿದಳು, ಆಮೇಲೆ ಒಂದು ಚಿಕ್ಕ ಬಟ್ಟಲನ್ನೂ ಎತ್ತಿ ಕುಡಿದಳು. ಎರಡೆರಡು ಸಲ ಕುಡಿಯಬಾರದೆಂದು ಹೇಳಲು ಯಾವ ಅಯ್ಯನವರಿಗೂ ಬಾಯಿ ಬರಲಿಲ್ಲ.

ಹೋದ ಆ ಹದಿಮೂರು ಜನ ಇನ್ನೂ ಬಂದಿಲ್ಲ. ಅವರಲ್ಲಿ ಒಂದು ಮನೆಯ ಹೆಂಗಸು ಮೊನ್ನೆ ಬೇಕರಿಗೆ ಬಂದು, ಮುಂದಿನ ಸಲ ಉಪ್ಪು ಹಾಕ್ತೀರಂತೆ ನಿಜವಾ ಎಂದು ಕೇಳಿ ಹೋದಳು. ಗೋದಾಮಿನ ಮಾಡು ಬರುವ ತಿಂಗಳು ಮುಗಿಯುತ್ತದೆ. ಕೆಳಗಿನವರು ಮತ್ತೆ ಇಳಿದು ಹೋಗುತ್ತಾರೋ ಇಲ್ಲವೋ, ದಾದಿಯನ್ನು ಕೇಳಿದರೆ ಅವಳಿಗೂ ಗೊತ್ತಿಲ್ಲ. ಎಲ್ಲಿ ಕೂತರೂ ರೊಟ್ಟಿ ಒಂದೇ ಮಾಡುವುದು, ಇನ್ನು ತನ್ನ ಕೈಯಲ್ಲಿ ಕೊಯ್ಯುವುದು ಆಗದು ಎಂದು ಹಿಟ್ಟಿನಕ್ಕ ಎರಡು ಕಡೆಯವರಿಗೂ ಹೇಳಿಬಿಟ್ಟಿದ್ದಾಳೆ.

ಮೇಜು ಸರಿಮಾಡಲು ಬಡಗಿಯನ್ನು ಕರೆಸಿದ್ದೆವು. ನಮ್ಮ ಮೇಜಿನ ಕಾಲು ನಾಲ್ಕು ಬೆರಳು ಕೊಯ್ಯಬೇಕೋ, ಅವರ ಮೇಜಿಗೆ ನಾಲ್ಕು ಬೆರಳು ಕೂಡಿಸಬೇಕೋ ಎಂದು ಅವನು ಕೇಳಿದ. ನಾನೂ ದಾದಿಯೂ ಮುಖ ಮುಖ ನೋಡಿಕೊಂಡೆವು. "ಮೊದಲು ನೀವೆಲ್ಲ ಕೂತು ಮಾತಾಡ್ಕೊಳ್ಳಿ, ಆಮೇಲೆ ಬರ್ತೀನಿ" ಎಂದು ಬಡಗಿ ಹೊರಟುಹೋದ. ಆ ಮಾತುಕತೆ ಈ ಶುಕ್ರವಾರ ಇದೆ. ಅಲ್ಲಿ ಏನಾಗುತ್ತದೋ ಎಂದು ನನಗೆ ಈಗಲೇ ಭಯ. ಹಿಟ್ಟಿನಕ್ಕ ಮಾತ್ರ, "ಇಟ್ಟಿಗೇನೇ ಇರಲಿ ಬಿಡಿ ಅಕ್ಕ, ಅಲ್ಲಾಡ್ತಾ ಇಲ್ವಲ್ಲ" ಎನ್ನುತ್ತಾಳೆ.